ವರ್ಡ್ ಫೈಲಿನ ಕಾಮೆಂಟುಗಳನ್ನ ರೆಜೆಕ್ಸ್ ಹಾಕಿ ಹೊರಗೆ ತೆಗೆದಿದ್ದು: ನನ್ನ ಅನುಭವ

ಒಂದು ದೊಡ್ಡ ಹಸ್ತಪ್ರತಿ, ಮೂರು ಜನ ಓದಿ ಪಕ್ಕದಲ್ಲಿ ಕಾಮೆಂಟ್ ಹಾಕಿ ಕಳ್ಸಿದ್ರು, ಯಾರು ಹಾಕಿದ್ದು, ಯಾವತ್ತು, ಏನಂದಿದ್ದಾರೆ ಅಂತ ಎಲ್ಲಾ ಒಂದೇ ಪಟ್ಟೀಲಿ ಬೇಕಿತ್ತು ನಂಗೆ. ಡಾಕ್ಸ್ ಫೈಲ್ ಅಂದ್ರೆ ಒಳಗೆ ಜಿಪ್ಪೇ, ಬಿಚ್ಚಿದ್ರೆ ವರ್ಡ್ ಅನ್ನೋ ಫೋಲ್ಡರಲ್ಲಿ ಕಾಮೆಂಟ್ಸ್ ಡಾಟ್ ಎಕ್ಸ್‌ಎಂಎಲ್ ಅಂತ ಬೇರೆ ಫೈಲಿರತ್ತೆ, ಅದನ್ನ ಪೈಥಾನಲ್ಲಿ ಓದ್ಸಿ ರೆಜೆಕ್ಸ್, ಅಂದ್ರೆ ಒಂದು ಮಾದರಿಗೆ ಹೊಂದೋ ಪಠ್ಯನ ಹುಡುಕೋ ಸೂತ್ರ, ಬರೆಯೋಕೆ ಕೂತೆ.

ಮೊದಲು ಕಾಮೆಂಟಿನ ಶುರು ತೋರ್ಸೋ ಓಪನಿಂಗ್ ಟ್ಯಾಗಿಗೂ ಕೊನೆ ತೋರ್ಸೋ ಕ್ಲೋಸಿಂಗ್ ಟ್ಯಾಗಿಗೂ ಮಧ್ಯೆ .* (ಏನು ಬೇಕಾದ್ರೂ, ಎಷ್ಟು ಬೇಕಾದ್ರೂ ಇರ್ಲಿ ಅಂತ) ಹಾಕಿದ್ದೆ, ಇಡೀ ಫೈಲು ಒಂದೇ ಕಾಮೆಂಟ್ ಅಂತ ಬಂತು. ಅದು ಗ್ರೀಡಿ, ಕಟ್ಟಕಡೇ ಕ್ಲೋಸಿಂಗ್ ಟ್ಯಾಗ್ ಸಿಗೋವರೆಗೂ ಬಿಡಲ್ಲ. .*? (ಮೊದಲು ಸಿಕ್ಕಿದ ಕ್ಲೋಸಿಂಗ್ ಟ್ಯಾಗಿಗೇ ನಿಲ್ಲಲಿ ಅಂತ) ಮಾಡಿ, ಡಾಟ್ ಹೊಸ ಸಾಲನ್ನೂ ಹಿಡೀಲಿ ಅಂತ ಡಾಟ್‌ಆಲ್ ಫ್ಲ್ಯಾಗ್ ಕೊಟ್ಟೆ, ಬಿಡಿಬಿಡಿಯಾಗಿ ಬಂದ್ವು. ಮೊದಲನೇದು ಮಾತ್ರ ತಪ್ಪು, ಯಾಕಂದ್ರೆ ಎಲ್ಲಾನೂ ಸುತ್ತಿಕೊಂಡಿರೋ ಹೊರಗಿನ ಟ್ಯಾಗ್ ಹೆಸರು ಕಾಮೆಂಟ್ಸ್, ಅದೂ ಕಾಮೆಂಟ್ ಅಂತಲೇ ಶುರುವಾಗತ್ತಲ್ಲ. ಹೆಸರಾದ ಮೇಲೆ ಒಂದು ಸ್ಪೇಸ್ ಇರ್ಲೇಬೇಕು ಅಂತ ಸೇರಿಸ್ದೆ, ಸರಿಹೋಯ್ತು.

ನಿಜವಾಗಿ ತಲೆ ತಿಂದಿದ್ದು ಒಳಗಿನ ಮಾತು. ನಾವು ಒಂದೇ ವಾಕ್ಯ ಅಂತ ನೋಡೋದನ್ನ ವರ್ಡ್ ತುಂಡು ತುಂಡಾಗಿ ಬೇರೆ ಬೇರೆ ರನ್‌ನಲ್ಲಿ ಇಟ್ಟಿರತ್ತೆ, ಫಾಂಟ್ ಬದಲಾದ್ರೆ ಒಂದು ತುಂಡು, ನಡುವೆ ಎಡಿಟ್ ಮಾಡಿದ್ರೆ ಇನ್ನೊಂದು. ನಾನು ತುಂಡುಗಳ ಮಧ್ಯೆ ಸ್ಪೇಸ್ ಕೊಟ್ಟು ಜೋಡಿಸಿದ್ದೆ, "ತಿದ್ದಬೇಕು" ಅನ್ನೋದು "ತಿದ್ದ ಬೇಕು" ಆಗಿ ಕೂತಿತ್ತು. ಸ್ಪೇಸ್ ಬೇಕಾದ ಕಡೆ ಅದು ಆ ತುಂಡಿನ ಒಳಗೇ ಇರತ್ತೆ, ಹಾಗಾಗಿ ಏನೂ ಸೇರಿಸದೆ ಅಂಟಿಸಿ, ಪ್ಯಾರಾ ಮುಗಿದಾಗ ಮಾತ್ರ ಹೊಸ ಸಾಲು ಹಾಕಿ. ಸ್ಟ್ರಿಪ್ (ತುದೀಲಿರೋ ಸ್ಪೇಸ್ ಕಿತ್ತುಹಾಕೋದು) ಅಂತೂ ತುಂಡುಗಳ ಮೇಲೆ ಮಾಡ್ಲೇಬೇಡಿ.

ಆಮೇಲೆ ಯಾವ ಸಾಲಿಗೆ ಆ ಕಾಮೆಂಟ್ ಅನ್ನೋದು. ಅದು ಹಸ್ತಪ್ರತಿಯ ಮಾತೆಲ್ಲಾ ಇರೋ ಡಾಕ್ಯುಮೆಂಟ್ ಡಾಟ್ ಎಕ್ಸ್‌ಎಂಎಲ್ ಒಳಗಿದೆ, ಶುರುವಿಗೊಂದು ಗುರುತು, ಕೊನೆಗೊಂದು ಗುರುತು, ಎರಡರಲ್ಲೂ ಅದೇ ಐಡಿ. ಇಬ್ಬರು ಒಂದೇ ವಾಕ್ಯದ ಮೇಲೆ ಬರೆದಿದ್ರೆ ಇವು ಒಂದರ ಮೇಲೊಂದು ಹಾಯ್ದಿರ್ತವೆ, ಆಗ .*? ಇನ್ನೊಬ್ಬರ ಕೊನೆ ಗುರುತಿಗೇ ನಿಂತುಬಿಡತ್ತೆ. ಬ್ಯಾಕ್‌ರೆಫರೆನ್ಸ್ ಹಾಕಿ ಅದೇ ಐಡಿ ಬರ್ಬೇಕು ಅಂದ್ರೂ ಸಾಲಲ್ಲ, ಹೊಂದೋದನ್ನೆಲ್ಲಾ ಒಟ್ಟಿಗೆ ಹುಡುಕೋ ಫೈಂಡ್‌ಆಲ್ ಒಮ್ಮೆ ನುಂಗಿದ ಜಾಗಕ್ಕೆ ಮತ್ತೆ ಬರಲ್ಲ, ಅದರೊಳಗೆ ಶುರುವಾದ ಎರಡನೇ ಕಾಮೆಂಟ್ ಸದ್ದಿಲ್ಲದೆ ಕಳೆದುಹೋಗತ್ತೆ. ಹಾಗಾಗಿ ಕಾಮೆಂಟ್ ಫೈಲಿಂದ ಐಡಿಗಳನ್ನ ಎತ್ಕೊಂಡು ಒಂದೊಂದಕ್ಕೂ ಬೇರೆಯಾಗಿ ಸರ್ಚ್ ಮಾಡ್ಸಿದೆ, ಐಡಿಯನ್ನ ಕೋಟ್ ಸಮೇತ ಹುಡುಕ್ಬೇಕು, ಇಲ್ಲಾಂದ್ರೆ 1 ಅಂತ ಹುಡುಕಿದ್ರೆ 12 ಕೂಡ ಸಿಗತ್ತೆ.

ಕೊನೆಗೆ ಓಪನಿಂಗ್ ಟ್ಯಾಗ್ ಎಷ್ಟಿವೆ ಅಂತ ಎಣಿಸಿ ನನ್ನ ಪಟ್ಟಿ ಪಕ್ಕ ಇಟ್ಟು ನೋಡ್ದೆ, ಎರಡೂ ಒಂದೇ ಬಂತು, ಅದಾದ್ಮೇಲೇ ಪಟ್ಟೀನ ಲೇಖಕರಿಗೆ ಕಳ್ಸಿದ್ದು.