ಡ್ರಮ್ಮಿನಲ್ಲಿ ಮರದ ಹೊಟ್ಟು ತುಂಬಿ ಮಡಕೆ ಸುಡುವುದು

ಕರೆಂಟ್ ಭಟ್ಟಿ ಬಿಟ್ಟು ಬಂದವರು ಮೊದಲು ಕೇಳುವುದು ‘ಎಷ್ಟು ಡಿಗ್ರಿ ಬರುತ್ತೆ?’ ಅಂತ. ಹೊಟ್ಟಿನಲ್ಲಿ ಸುಡುವಾಗ ಗಾಳಿ ಎಷ್ಟು ಹೋಗುತ್ತೆ ಅನ್ನುವುದು ಅದಕ್ಕಿಂತ ಮುಖ್ಯ. ಗಾಳಿ ಕಮ್ಮಿಯಿದ್ದರೆ ಹೊಟ್ಟು ಧಗಧಗ ಉರಿಯದೆ ಒಳಗೊಳಗೇ ಹೊಗೆಯಾಡುತ್ತದೆ, ಇಂಗಾಲ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತು ಮಡಕೆ ಕರ್ರಗಾಗುತ್ತದೆ.

ನಾನು ಬಳಸುವುದು ಗುಜರಿಯ 200 ಲೀಟರ್ ಡ್ರಮ್. ಮೇಲ್ಭಾಗ ಮೊದಲೇ ತೆರೆದಿರುವುದನ್ನೇ ಕೊಳ್ಳಿ. ಎಣ್ಣೆಯ ಆವಿ ಉಳಿದಿರುವ ಮುಚ್ಚಿದ ಡ್ರಮ್ಮಿಗೆ ಗ್ಯಾಸ್ ಕಟ್ಟರ್ ಹಿಡಿದರೆ ಸಿಡಿಯುತ್ತದೆ. ಜಿಐ (ಸತು ಲೇಪಿಸಿದ) ಶೀಟಿನದು ಬೇಡವೇ ಬೇಡ, ಕಾದರೆ ಸತುವಿನ ಹೊಗೆ ಬರುತ್ತದೆ. ಸುತ್ತ ಮೂರು ಸಾಲು, ಸಾಲಿಗೆ ಆರು, 12 ಮಿ.ಮೀ. ತೂತು. ಹೆಚ್ಚಾಯಿತು ಅನ್ನಿಸಿದರೆ ಹಸಿಮಣ್ಣು ಮೆತ್ತಿದರಾಯಿತು.

ಹೊಟ್ಟು ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಸಿಗುತ್ತದೆ. ಪ್ಲೈವುಡ್, ಎಂಡಿಎಫ್ ಹೊಟ್ಟು ಬೆರೆತಿದ್ದರೆ ಬಿಟ್ಟುಬಿಡಿ, ಅದರ ಅಂಟಿನ ಹೊಗೆ ವಿಷ. ಬರೀ ನುಣ್ಣನೆಯ ಹೊಟ್ಟು ಗಟ್ಟಿಯಾಗಿ ಕೂತು ಕೆಂಡ ಆರಿಹೋಗುತ್ತದೆ. ಬರೀ ರಂದದ ಸಿಪ್ಪೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮೂರು ಪಾಲು ಹೊಟ್ಟಿಗೆ ಒಂದು ಪಾಲು ಸಿಪ್ಪೆ ನನಗೆ ಒಗ್ಗಿದ ಅಳತೆ. ಎರಡು ದಿನ ಬಿಸಿಲಿಗೆ ಹಾಕಲೇಬೇಕು. ತೇವ ಉಳಿದರೆ ಮಡಕೆಗೆ ಕಂದು ಬಣ್ಣದ ಟಾರು ಅಂಟುತ್ತದೆ, ತಿಕ್ಕಿದರೂ ಹೋಗುವುದಿಲ್ಲ.

ಇನ್ನು ಮಡಕೆ. ಹಸಿಯದನ್ನೇ ಇಟ್ಟರೆ ಒಳಗೆ ಉಳಿದ ನೀರು ಆವಿಯಾಗಿ ಒಡೆಯುವ ಭಯ ಒಂದು. ಈ ಕೆಂಡದ ಕಾವಿಗೆ ಮಣ್ಣು ಪೂರ್ತಿ ಬೇಯದೆ ಮೆತ್ತಗೆ ಉಳಿಯುವುದು ಇನ್ನೊಂದು. ಆದ್ದರಿಂದ ಮೊದಲು 900 ಡಿಗ್ರಿಗೆ ಬಿಸ್ಕ್ (ಅಂದರೆ ಮೊದಲ ಸಲದ ಸುಡುವಿಕೆ) ಸುಟ್ಟುಕೊಳ್ಳುತ್ತೇನೆ. ಅದಕ್ಕೂ ಕರೆಂಟ್ ಬೇಕಿಲ್ಲ, ಕುಂಬಾರರ ಸೌದೆ ಭಟ್ಟಿ ಸಾಕು. ಅರೆ ಒಣಗಿದಾಗ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟಿದ್ದರೆ 900 ಡಿಗ್ರಿಗಿಂತ ಮೇಲೆ ಏರಿಸಬೇಡಿ, ಹೊಳಪು ಸತ್ತುಹೋಗುತ್ತದೆ.

ತಳಕ್ಕೆ 10 ಸೆಂ.ಮೀ. ಹೊಟ್ಟು. ಭಾರದವು ಕೆಳಗೆ, ಹಗುರದವು ಮೇಲೆ. ಮಡಕೆಗಳ ನಡುವೆ 5 ಸೆಂ.ಮೀ., ಡ್ರಮ್ಮಿನ ಗೋಡೆಗೆ 8 ಸೆಂ.ಮೀ. ಅಂತರ. ಪ್ರತಿ ಮಡಕೆಯ ಹೊಟ್ಟೆಗೂ ಹೊಟ್ಟು ತುಂಬಿ, ಇಲ್ಲದಿದ್ದರೆ ಹೊರಗೆ ಕಪ್ಪು, ಒಳಗೆ ಬಿಳಿಚು. ಸಾಲು ಸಾಲಿನ ನಡುವೆ ಕಬ್ಬಿಣದ ಜಾಲರಿ ಇಡುವುದನ್ನು ಬಹಳ ಜನ ಮರೆಯುತ್ತಾರೆ. ಹೊಟ್ಟು ಉರಿದು ಕುಸಿದಂತೆ ಮೇಲಿನ ಮಡಕೆ ಕೆಳಗಿನದರ ಮೇಲೆ ಬಿದ್ದು, ಸುಟ್ಟಿದ್ದೆಲ್ಲ ಬೋಕಿಯಾಗುತ್ತದೆ.

ಮೇಲೆ ಮತ್ತೆ 10 ಸೆಂ.ಮೀ. ಹೊಟ್ಟು, ಅದರ ಮೇಲೆ ಪೇಪರ್, ಪುಳ್ಳೆ. ಬೆಂಕಿ ಹಚ್ಚಿ ಸುಮಾರು 20 ನಿಮಿಷ ಬಿಡಿ. ಮೇಲ್ಮೈ ಇಡೀ ಕೆಂಪಗಾದ ಮೇಲೇ ಮುಚ್ಚಳ; ಒಂದು ಮೂಲೆ ಕಪ್ಪಾಗಿಯೇ ಉಳಿದಿದ್ದರೆ ಕೆಂಡ ಆ ಕಡೆ ಇಳಿಯುವುದಿಲ್ಲ. ಮುಚ್ಚಳದ ಕೆಳಗೆ ಇಟ್ಟಿಗೆ ಚೂರು ಇಟ್ಟು ಬೆರಳಗಲ ಸಂದು ಬಿಡಿ. ಹೊಗೆ ತೆಳ್ಳಗೆ, ಸೋಮಾರಿಯಾಗಿ ಬರಬೇಕು. ಜ್ವಾಲೆ ಕಂಡರೆ ಕೆಳಗಿನ ತೂತುಗಳನ್ನು ಮುಚ್ಚಿ.

ಆಷಾಢದ ಗಾಳಿಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಗಾಳಿ ಬೀಸುವ ಕಡೆ ಬೇಗ ಉರಿದು ಮಡಕೆಯ ಆ ಪಕ್ಕ ಬೂದು ಬಣ್ಣಕ್ಕೆ ತಿರುಗುತ್ತದೆ, ಕಾವು ಒಂದೇ ಸಮ ಇಲ್ಲದೆ ಸೀಳುವುದೂ ಉಂಟು. ಫೆಬ್ರವರಿ, ಮಾರ್ಚ್ ಒಳ್ಳೆಯದು. ತಾರಸಿಯ ಮೇಲೂ ಬೇಡ, ಕಾಂಕ್ರೀಟ್ ಬಿರಿಯುತ್ತದೆ. ಅಕ್ಕಪಕ್ಕದವರ ಮಾತು ಬೇರೆ. ಊರಾಚೆ ತೋಟ ಇದ್ದವರ ಸ್ನೇಹ ಬೆಳೆಸಿಕೊಳ್ಳುವುದೇ ಮೇಲು.

ತುಂಬಿದ ಡ್ರಮ್ ಆರಲು 18ರಿಂದ 24 ಗಂಟೆ. ಡ್ರಮ್ಮಿನ ಮೈ ಮುಟ್ಟುವಷ್ಟು ತಣ್ಣಗಾಗುವವರೆಗೆ ಮುಚ್ಚಳ ಎತ್ತಬೇಡಿ. ಬಿಸಿ ಇರುವಾಗ ಗಾಳಿ ನುಗ್ಗಿದರೆ ಕೂತಿದ್ದ ಇಂಗಾಲವೂ ಸುಟ್ಟು ಕಪ್ಪು ಹಾರಿಹೋಗುತ್ತದೆ. ಬೂದಿ ಒರೆಸಿ ಜೇನುಮೇಣ ತಿಕ್ಕಿದರೆ ಹೊಳಪು ಏಳುತ್ತದೆ, ಆದರೆ ನೀರು ಜಿನುಗುವುದು ನಿಲ್ಲುವುದಿಲ್ಲ. ಹೂದಾನಿ ಮಾಡುವುದಾದರೆ ಒಳಗೊಂದು ಗಾಜಿನ ಲೋಟ ಇಡಿ.