ಅಪರೂಪಕ್ಕೆ ಓಡುವ ಕಾರಿನ ಎಂಜಿನ್ ಆಯಿಲ್: ನಾನು ನೋಡಿಕೊಳ್ಳುವ ಕ್ರಮ

ಕಡಿಮೆ ಓಡುವ ಕಾರಿನ ಆಯಿಲ್ ವಿಷಯದಲ್ಲಿ ಕಿಲೋಮೀಟರ್ ಲೆಕ್ಕವನ್ನು ನಾನು ನಂಬುವುದಿಲ್ಲ. ಹೆದ್ದಾರಿಯಲ್ಲಿ 10,000 ಕಿಮೀ ಓಡಿದ ಕಾರಿನಿಂದ ಇಳಿಸಿದ ಆಯಿಲ್ ಕಪ್ಪಗಿದ್ದರೂ ಗಟ್ಟಿತನ ಉಳಿಸಿಕೊಂಡಿರಬಹುದು. ವರ್ಷವಿಡೀ ಹತ್ತಿರದ ಅಂಗಡಿಗೆ ಮಾತ್ರ ಹೋಗಿಬಂದು 1,500 ಕಿಮೀ ಮುಗಿಸಿದ ಕಾರಿನ ಆಯಿಲ್ ಬಣ್ಣ ಚೆನ್ನಾಗಿದ್ದೂ ಒಳಗೆ ಕೆಟ್ಟಿರುತ್ತದೆ. ಇದಕ್ಕೆ ಕಾರಣ ಕಾರು ನಿಂತಿದ್ದು ಎನ್ನುವುದಕ್ಕಿಂತ, ಸ್ಟಾರ್ಟ್ ಮಾಡಿ ಬಿಸಿಯಾಗುವ ಮೊದಲೇ ಆಫ್ ಮಾಡಿದ್ದು. ಸೀಲ್ ಒಡೆಯದ ಡಬ್ಬಿಯಲ್ಲಿ ಆಯಿಲ್ ವರ್ಷಗಟ್ಟಲೆ ಹಾಗೇ ಇರುತ್ತದೆ. ಚೇಂಬರಿಗೆ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ) ಇಳಿದ ಮೇಲೆ ಅದನ್ನು ಕೆಡಿಸುವುದು ಹೊರಗಿನಿಂದ ಬಂದು ಸೇರುವ ನೀರು, ಪೆಟ್ರೋಲ್ ಮತ್ತು ಆಮ್ಲ.

ಮೊದಲು ನೀರಿನ ವಿಷಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಆದರೆ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಸ್ವಲ್ಪ ಗ್ಯಾಸ್ ಸದಾ ಕೆಳಗೆ ನುಸುಳುತ್ತಲೇ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ರಿಂಗ್ ಮತ್ತು ಸಿಲಿಂಡರ್ ನಡುವಿನ ಸಡಿಲ ಹೆಚ್ಚು, ಹಾಗಾಗಿ ನುಸುಳುವ ಗ್ಯಾಸೂ ಹೆಚ್ಚು. ಆ ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ ಆಯಿಲ್‌ಗೆ ಬೀಳುತ್ತದೆ. ಆಯಿಲ್ 80ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪಿ ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಈ ನೀರು ಮತ್ತೆ ಆವಿಯಾಗಿ, ಪಿಸಿವಿ ವಾಲ್ವ್ (ಚೇಂಬರಿನ ಗ್ಯಾಸನ್ನು ಎಂಜಿನ್ ಗಾಳಿ ಎಳೆಯುವ ದಾರಿಗೆ ಬಿಡುವ ಕವಾಟ) ಮೂಲಕ ಇನ್‌ಟೇಕ್‌ಗೆ ಹೋಗಿ ಕೊನೆಗೆ ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ತೊಡಕಿರುವುದು ಇಲ್ಲೇ: ಡ್ಯಾಶ್‌ಬೋರ್ಡಿನ ಬಿಸಿಯ ಮುಳ್ಳು ತೋರಿಸುವುದು ಕೂಲೆಂಟಿನ (ಎಂಜಿನ್ ತಂಪಾಗಿಸುವ ದ್ರವದ) ಬಿಸಿ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ಅದರ ಹಿಂದೆ ನಿಧಾನವಾಗಿ ಏರುತ್ತದೆ. ಮುಳ್ಳು ಮಧ್ಯಕ್ಕೆ ಬಂತೆಂದು ಎಂಜಿನ್ ಆಫ್ ಮಾಡಿದರೆ ಆಯಿಲ್‌ಗೆ ನೀರು ಸೇರಿದೆ, ಹೊರಗೆ ಹೋಗಿಲ್ಲ.

ಎರಡನೆಯದು ಪೆಟ್ರೋಲ್. ತಣ್ಣನೆಯ ಎಂಜಿನ್‌ಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಇಂಧನ ಕೊಡುತ್ತದೆ, ಏಕೆಂದರೆ ಅದರಲ್ಲಿ ಒಂದು ಭಾಗ ಆವಿಯಾಗದೆ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಪೆಟ್ರೋಲ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಚೇಂಬರಿಗೆ ಇಳಿಯುತ್ತದೆ. ನೇರವಾಗಿ ಸಿಲಿಂಡರಿನೊಳಗೇ ಇಂಧನ ಸಿಂಪಡಿಸುವ ಎಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಆಯಿಲ್ ತೆಳ್ಳಗಾಗುತ್ತದೆ, 5ಡಬ್ಲ್ಯೂ-30 ಗ್ರೇಡಿನ (ಇದು ಆಯಿಲ್ ಎಷ್ಟು ದಪ್ಪ ಎಂಬುದರ ಗುರುತು) ಆಯಿಲ್ ಹಾಕಿದ್ದರೂ ಬೇರಿಂಗ್‌ಗೆ ಸಿಗುವುದು ಅದಕ್ಕಿಂತ ತೆಳುವಾದ ದ್ರವ. ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುವ ಎಂಜಿನ್ ಆಗಿದ್ದರೆ ಈ ಪೆಟ್ರೋಲ್ ಬೆಲ್ಟಿನ ರಬ್ಬರನ್ನೂ ಮೆತ್ತಗೆ ಮಾಡುತ್ತದೆ. ಡೀಸೆಲ್‌ನಲ್ಲಿ ಕಥೆ ಬೇರೆ: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಟ್ಟು ಶುಚಿಯಾಗಲು ಹೆಚ್ಚುವರಿ ಡೀಸೆಲ್ ಸಿಂಪಡಿಸುವಾಗ, ಕಾರನ್ನು ಮಧ್ಯದಲ್ಲೇ ಆಫ್ ಮಾಡುತ್ತಿದ್ದರೆ ಆ ಕೆಲಸ ಮುಗಿಯದೆ ಮತ್ತೆ ಮತ್ತೆ ಶುರುವಾಗಿ ಡೀಸೆಲ್ ಕೆಳಗಿಳಿಯುತ್ತದೆ. ಪೆಟ್ರೋಲಿನಂತೆ ಡೀಸೆಲ್ ಸುಲಭಕ್ಕೆ ಆವಿಯಾಗಿ ಹೋಗುವುದೂ ಇಲ್ಲ. ಹಾಗಾಗಿ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದರೆ 'ಆಯಿಲ್ ಕುಡಿಯದ ಒಳ್ಳೆಯ ಎಂಜಿನ್' ಎಂದು ಖುಷಿಪಡಬೇಡಿ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ.

ಈ ನೀರು ಮತ್ತು ಉರಿದ ಗ್ಯಾಸಿನ ನೈಟ್ರೋಜನ್, ಸಲ್ಫರ್ ಆಕ್ಸೈಡ್‌ಗಳು ಸೇರಿ ಆಮ್ಲವಾಗುತ್ತವೆ. ಅದನ್ನು ಕೊಲ್ಲಲೆಂದೇ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಧಾರದ ಕ್ಷಾರೀಯ ಡಿಟರ್ಜೆಂಟ್ ಇರುತ್ತದೆ. ಅದರ ಬಲವನ್ನು ಟಿಬಿಎನ್ ಎಂದು ಅಳೆಯುತ್ತಾರೆ. ಆಮ್ಲ ಬಂದಷ್ಟೂ ಅದು ಖರ್ಚಾಗುತ್ತದೆ, ಮತ್ತೆ ತುಂಬುವುದು ಹೊಸ ಆಯಿಲ್‌ನಿಂದ ಮಾತ್ರ. ಖರ್ಚಾದ ಮೇಲೆ ಕಾರು ತಿಂಗಳುಗಟ್ಟಲೆ ನಿಂತರೆ ಆಮ್ಲಕ್ಕೆ ಬೇರಿಂಗ್‌ನ ಮೃದು ಲೋಹದ ಮೇಲೆ ಕೆಲಸ ಮಾಡಲು ಬೇಕಾದಷ್ಟು ಸಮಯ. ಮೇಲೆ ಕ್ಯಾಮ್‌ಶಾಫ್ಟ್, ಸಿಲಿಂಡರ್ ಗೋಡೆಗಳಿಂದ ಆಯಿಲ್ ಇಳಿದುಹೋಗಿ ತೆಳು ಪದರವಷ್ಟೇ ಉಳಿದಿರುತ್ತದೆ. ಅಲ್ಲಿ ತೇವವಿದ್ದರೆ ತುಕ್ಕು.

ನಾನು ಪರೀಕ್ಷಿಸುವುದು ಹೀಗೆ. ರಾತ್ರಿಯಿಡೀ ನಿಂತ ಕಾರಿನ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ಮಟ್ಟ ನೋಡುತ್ತೇನೆ. ಹಿಂದಿನ ಸಲದ್ದನ್ನು ಬರೆದಿಟ್ಟಿರಬೇಕು, ಇಲ್ಲದಿದ್ದರೆ ಏರಿದ್ದು ಗೊತ್ತಾಗದು. ಆಮೇಲೆ ಮೂಸುತ್ತೇನೆ. ಪೆಟ್ರೋಲ್ ಸೇರಿದ್ದರೆ ವಾಸನೆ ಮೂಗಿಗೆ ಹೊಡೆಯುತ್ತದೆ. ಫಿಲ್ಲರ್ ಕ್ಯಾಪ್ ತಿರುಗಿಸಿ ಒಳಮೈ ನೋಡಿದಾಗ ಹಳದಿ ಮಿಶ್ರಿತ ಬಿಳುಪಿನ ಕೆನೆಯಂಥ ಲೇಪ ಇದ್ದರೆ ಅದು ನೀರು ಮತ್ತು ಆಯಿಲ್ ಕಡೆದು ಆದದ್ದು. ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಸೀಲ್) ಹೋಯಿತೆಂದು ಕೂಡಲೇ ಗಾಬರಿಯಾಗಬೇಕಿಲ್ಲ. ಲೇಪ ಒರೆಸಿ, ಕೂಲೆಂಟ್ ಟ್ಯಾಂಕಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಹಾಕಿ, ಒಂದು ದೊಡ್ಡ ಸುತ್ತು ಓಡಿಸಿ ಬಂದು, ಎಂಜಿನ್ ಮತ್ತೆ ತಣ್ಣಗಾದ ಮೇಲೆ ನೋಡಿ. ಲೇಪ ಮರಳದೆ, ಕೂಲೆಂಟ್ ಗೆರೆಯಲ್ಲೇ ಇದ್ದರೆ ಅದು ಬರೀ ತೇವ. ಕೂಲೆಂಟ್ ಇಳಿಯುತ್ತಿದ್ದರೆ, ಅಥವಾ ಡಿಪ್‌ಸ್ಟಿಕ್‌ನ ಆಯಿಲೇ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್ ನೋಡಲಿ.

ನೀರಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಒಂದು ಸರಳ ಪರೀಕ್ಷೆ ಇದೆ. ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ಮೇಲೆ ಲೋಹದ ತಟ್ಟೆಯಿಟ್ಟು ಸುಮಾರು 160 ಡಿಗ್ರಿಗೆ ಕಾಯಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆದು, ಮೊದಲು ಹೊಸ ಆಯಿಲ್‌ನ ಒಂದು ಹನಿ ಬಿಡುತ್ತೇನೆ. ಅದು ಸದ್ದಿಲ್ಲದೆ ಹರಡುತ್ತದೆ. ಪಕ್ಕದಲ್ಲಿ ಎಂಜಿನ್‌ನ ಆಯಿಲ್ ಒಂದು ಹನಿ. ನೀರಿದ್ದರೆ ಸಣ್ಣ ಗುಳ್ಳೆಗಳು ಎದ್ದು ಮಧ್ಯಕ್ಕೆ ಸೇರಿ ಒಡೆಯುತ್ತವೆ. ಜಾಸ್ತಿ ಇದ್ದರೆ ಚಟಪಟ ಸಿಡಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು. ಪೆಟ್ರೋಲ್ ಬೆರೆತ ಆಯಿಲ್ ಬೇಗ ಹೊತ್ತಿಕೊಳ್ಳುವುದರಿಂದ ಗ್ಯಾಸ್ ಒಲೆಯ ಜ್ವಾಲೆ ಬೇಡ, ಮತ್ತು ಒಂದು ಹನಿಗಿಂತ ಹೆಚ್ಚು ಬೇಡ.

ಇನ್ನು, ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವ ಅಭ್ಯಾಸ. ಬ್ಯಾಟರಿಗೆ ಒಳ್ಳೆಯದೆಂದು ಹೇಳುತ್ತಾರೆ. ಐಡ್ಲಿಂಗ್‌ನಲ್ಲಿ ಬ್ಯಾಟರಿಗೂ ಅಷ್ಟೇನೂ ಸಿಗುವುದಿಲ್ಲ, ಆಯಿಲ್‌ಗಂತೂ ಅದು ನೀರು ಮತ್ತು ಪೆಟ್ರೋಲ್ ತುಂಬುವ ಕೆಲಸ. ನಾನು ಹಾಗೆ ಸ್ಟಾರ್ಟ್ ಮಾಡುವುದೇ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ಕಾರು ತೆಗೆದರೆ 30ರಿಂದ 40 ನಿಮಿಷ, ಅಡೆತಡೆಯಿಲ್ಲದ ರಸ್ತೆಯಲ್ಲಿ ಓಡಿಸುತ್ತೇನೆ. ಮೊದಲ ಹತ್ತು ನಿಮಿಷ ರೇಸ್ ಕೊಡದೆ, ಆಮೇಲೆ 2,000ರಿಂದ 3,000 ಆರ್‌ಪಿಎಂ. ಅಷ್ಟು ಸಮಯವಿಲ್ಲ ಎಂದಾದರೆ ಬ್ಯಾಟರಿಗೆ ಮೇಂಟೆನರ್ (ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಸಣ್ಣ ಚಾರ್ಜರ್) ಹಾಕಿ ಕಾರನ್ನು ಮುಟ್ಟದೆ ಬಿಡುವುದು ಮೇಲು. ಹೈಬ್ರಿಡ್ ಇಟ್ಟುಕೊಂಡವರು ಇನ್ನೂ ಎಚ್ಚರವಾಗಿರಬೇಕು: ಕಾರು ದಿನಾ ಓಡಿದರೂ ಎಂಜಿನ್ ಆಗಾಗ ಆಫ್ ಆಗುತ್ತಿರುವುದರಿಂದ ಸಣ್ಣ ಓಡಾಟದಲ್ಲಿ ಆಯಿಲ್ ಬಿಸಿಯಾಗುವುದೇ ಕಷ್ಟ.

ಆಯಿಲ್ ಬದಲಿಸುವುದು ವರ್ಷಕ್ಕೊಮ್ಮೆ, ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ. ಬರೀ ಸಣ್ಣ ಓಡಾಟವಾದರೆ ಆರು ತಿಂಗಳಿಗೆ. ಕಾರನ್ನು ದೀರ್ಘಕಾಲ ನಿಲ್ಲಿಸುವುದಿದ್ದರೆ ನಿಲ್ಲಿಸುವ ಮೊದಲೇ ಬದಲಿಸಿ; ಆಮ್ಲ ತುಂಬಿದ ಹಳೆಯದನ್ನು ಒಳಗೇ ಬಿಟ್ಟು, ವಾಪಸ್ ತೆಗೆಯುವಾಗ ಬದಲಿಸಿದರೆ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿರುತ್ತದೆ.

ಇಳಿಸುವ ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ನಂತರ ಹತ್ತು ಹದಿನೈದು ನಿಮಿಷ ಬಿಟ್ಟು ಕೈಗವಸು ಹಾಕಿಕೊಂಡು ಡ್ರೈನ್ ಬೋಲ್ಟ್ ಬಿಚ್ಚುತ್ತೇನೆ. ಬಿಸಿ ಆಯಿಲ್ ಕೆಸರನ್ನೂ ಜೊತೆಗೆ ತರುತ್ತದೆ. ಜ್ಯಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಸ್ಟ್ಯಾಂಡ್ ಕೊಡಿ. ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್. ಬಿಗಿ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ, ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತುಹೋಗುವುದು ಅತಿಬಿಗಿಯಿಂದ. ಹೊಸ ಫಿಲ್ಟರಿನ ರಬ್ಬರ್ ರಿಂಗ್‌ಗೆ ಆಯಿಲ್ ಸವರಿ, ಮುಟ್ಟಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಹಳೆಯ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯೇ ನೋಡಿ. ಎರಡು ರಿಂಗ್ ಸೇರಿದರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಹೊರಗೆ ಚೆಲ್ಲುತ್ತದೆ. ಫಿಲ್ಟರ್ ಉಳಿಸಿಕೊಳ್ಳುವ ಯೋಚನೆಯೂ ಬೇಡ: ಅದರೊಳಗಿನ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಕಾಲ ಕಳೆದಂತೆ ಗಟ್ಟಿಯಾಗುತ್ತದೆ, ಆಗ ಪ್ರತಿ ಸ್ಟಾರ್ಟ್‌ನಲ್ಲೂ ಫಿಲ್ಟರ್ ಖಾಲಿಯಿಂದ ತುಂಬಬೇಕು. ದಪ್ಪ ಗ್ರೇಡ್ ಹಾಕಿದರೆ ರಕ್ಷಣೆ ಹೆಚ್ಚು ಎಂಬುದು ಇಂಥ ಕಾರಿಗೆ ಸಲ್ಲದ ಮಾತು. ತಣ್ಣನೆಯ ಸ್ಟಾರ್ಟೇ ಹೆಚ್ಚಿರುವ ಕಡೆ ಆಯಿಲ್ ಬೇಗ ಮೇಲೆ ಏರಬೇಕು. ಮ್ಯಾನುಯಲ್ ಹೇಳಿದ ಗ್ರೇಡನ್ನೇ ಹಾಕಿ. ಹೊಸ ಆಯಿಲ್ ಹಾಕಿದ ಮೇಲೂ ಅರ್ಧ ಗಂಟೆ ಓಡಿಸಿ, ಅದು ಎಲ್ಲ ಕಡೆ ಹರಡಿದ ನಂತರವೇ ಕಾರು ನಿಲ್ಲಿಸಿ. ಹಳೆಯ ಆಯಿಲ್ ಡಬ್ಬಿಗೆ ಹಾಕಿ ಸಂಗ್ರಹಿಸುವವರಿಗೆ ಕೊಡಿ, ಮೋರಿಗೆ ಬೇಡ.

ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕಾರನ್ನು ಮತ್ತೆ ಎಬ್ಬಿಸುವಾಗ ನೇರವಾಗಿ ಸ್ಟಾರ್ಟ್ ಮಾಡುವುದಿಲ್ಲ. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು ಸೆಲ್ಫ್ ಹೊಡೆಯುತ್ತೇನೆ. ಪೈಪಿನಲ್ಲಿ ಉಳಿದ ಒತ್ತಡಕ್ಕೆ ಎಂಜಿನ್ ಕ್ಷಣಕಾಲ ಹತ್ತಿ ಆರಬಹುದು. ಹತ್ತು ಸೆಕೆಂಡಿಗಿಂತ ಹೆಚ್ಚಿಗೆ ಒಂದೇ ಸಮ ತಿರುಗಿಸದೆ, ನಡುವೆ ಅರ್ಧ ನಿಮಿಷ ಸ್ಟಾರ್ಟರ್‌ಗೆ ಬಿಡುವು ಕೊಟ್ಟು, ಆಯಿಲ್ ಪ್ರೆಷರ್ ದೀಪ ಆರುವವರೆಗೆ ಮಾಡಿದರೆ ಬೇರಿಂಗ್‌ಗಳಿಗೆ ಆಯಿಲ್ ತಲುಪಿದಂತೆ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಡಿ. ಅಷ್ಟು ಕಾಲ ಹಳೆಯ ಆಯಿಲ್‌ನಲ್ಲೇ ನಿಂತಿದ್ದ ಕಾರಾದರೆ ಡ್ರೈನ್ ಬೋಲ್ಟನ್ನು ಎಂಜಿನ್ ಎಬ್ಬಿಸುವ ಮೊದಲೇ ಬಿಚ್ಚಿ. ತಳದಲ್ಲಿ ಕೂತ ನೀರು ಎಲ್ಲಕ್ಕಿಂತ ಮುಂಚೆ ಹನಿ ಹನಿಯಾಗಿ ಬರುವುದು ಕಾಣುತ್ತದೆ. ಆ ಎಂಜಿನ್‌ಗೆ ಹಾಕಿದ ಹೊಸ ಆಯಿಲನ್ನು 500ರಿಂದ 1,000 ಕಿಮೀ ಒಳಗೆ ಫಿಲ್ಟರ್ ಸಮೇತ ಇನ್ನೊಮ್ಮೆ ಬದಲಿಸುತ್ತೇನೆ, ಏಕೆಂದರೆ ಮೊದಲ ಸಲದ ಡಿಟರ್ಜೆಂಟ್ ಹಳೆಯ ಕೆಸರನ್ನು ಕರಗಿಸುವುದರಲ್ಲೇ ಖರ್ಚಾಗಿರುತ್ತದೆ.