ನಿಂತ ಗಾಡಿ ಚಾಲೂ ಆಗವಲ್ದಾ?

ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದವರು ಬೇಸಿಗೆಗೆ ಕಲಬುರಗಿಗೆ ಮರಳಿದಾಗ, ಅಂಗಳದ ಬೇವಿನ ಮರದ ಕೆಳಗೆ ಗಾಡಿ ಧೂಳು ಹೊದ್ದು ನಿಂತಿರುತ್ತದೆ. ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್. ಇಪ್ಪತ್ತು ಕಿಕ್ ಹೊಡೆದು, ಕಾಲು ಸೋತ ಮೇಲೆ ಮಿಸ್ತ್ರಿಗೆ ಫೋನ್. ಅದಕ್ಕೂ ಮೊದಲು ಅರ್ಧ ತಾಸು ತಾಳ್ಮೆಯಿಂದ ನೋಡಿ. ಸುಮ್ಮನೆ ನಿಂತ ಗಾಡಿಯಲ್ಲಿ ಎಂಜಿನ್ ಕೆಡುವುದು ಕಡಿಮೆ. ಕೈ ಕೊಡುವುದು ಹೆಚ್ಚಾಗಿ ಬ್ಯಾಟರಿ, ಇಲ್ಲವೇ ಪೆಟ್ರೋಲ್.

ಮೊದಲು ಬಲಗೈ ಹಿಡಿಕೆಯ ಬಳಿಯ, ಎಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ ನೋಡಿ. ನಕ್ಕುಬಿಡಬೇಡಿ. ಒಮ್ಮೆ ನಾನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಹರವಿಕೊಂಡು ಕೂತಾಗ ಪಕ್ಕದ ಮನೆ ಹುಡುಗ ಬಂದು, ‘ಕಾಕಾ, ಈ ಕೆಂಪು ಬಟನ್ ಬಂದ್ ಅದ ನೋಡ್ರಿ’ ಅಂದ. ಗಾಡಿ ಮೇಲೆ ಕೂತು ‘ಡುರ್ರ್’ ಅಂತ ಆಡುವಾಗ ಅದನ್ನು ಒತ್ತಿದವನೂ ಅವನೇ ಇರಬೇಕು. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೂ ಎಂಜಿನ್ ಏಳದಿರಬಹುದು.

ಮುಂದೆ ಹಾರ್ನ್ ಒತ್ತಿ. ದನಿ ಸತ್ತಂತಿದ್ದರೆ ಬ್ಯಾಟರಿ ಇಳಿದಿದೆ. ಟರ್ಮಿನಲ್‌ಗೆ ಬಿಳಿ, ಹಸಿರು ಪುಡಿ ಹತ್ತಿದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ವೈರ್ ಬಿಚ್ಚಿ, ಸ್ಯಾಂಡ್ ಪೇಪರ್‌ನಿಂದ ತಿಕ್ಕಿ. ಕೂಡಿಸುವಾಗ ಪಾಸಿಟಿವ್ ಮೊದಲು. ಮೀಟರ್ ಇದ್ದರೆ ಅಳೆಯಿರಿ: ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಚಾರ್ಜ್‌ಗೆ ಕೊಡಿ. ನಮ್ಮ ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ ಹಳೇ ಮಾದರಿಯ ಬ್ಯಾಟರಿಯ ನೀರು ಬತ್ತುತ್ತದೆ. ಗೆರೆಗಿಂತ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರಲ್ಲ, ಕುಡಿಯುವ ಫಿಲ್ಟರ್ ನೀರೂ ಅಲ್ಲ.

ಕಾರ್ಬ್ಯುರೇಟರ್ ಗಾಡಿಯನ್ನು ಸೆಕೆಂಡ್ ಗೇರ್‌ಗೆ ಹಾಕಿ ತಳ್ಳಿ ಎಬ್ಬಿಸಬಹುದು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಬಂದ ಮೇಲಿನ, ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಿಗೆ ಈ ಮದ್ದು ನಾಟುವುದು ಕಷ್ಟ, ಗಾಡಿಯೊಳಗಿನ ಪೆಟ್ರೋಲ್ ಪಂಪಿಗೇ ಕರೆಂಟ್ ಬೇಕು. ಕೀಲಿ ತಿರುಗಿಸಿದಾಗ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ‘ಝೂಂ’ ಅಂತ ಕೇಳಿಸಬೇಕು. ಬ್ಯಾಟರಿ ಸರಿಯಿದ್ದೂ ಕೇಳಿಸದಿದ್ದರೆ ಫ್ಯೂಸ್ ನೋಡಿ.

ಇನ್ನು ಪೆಟ್ರೋಲ್. ಟ್ಯಾಂಕ್ ಮುಚ್ಚಳ ತೆರೆದು ಒಳಗೆ ಟಾರ್ಚ್ ಬಿಡಿ. ಕೆಂಪು ತುಕ್ಕು ಕಂಡರೆ ಕಿಕ್ ಹೊಡೆಯಲೇ ಬೇಡಿ, ಹಾಗೇ ತಳ್ಳಿಕೊಂಡು ಮಿಸ್ತ್ರಿ ಹತ್ತಿರ ಒಯ್ಯಿರಿ. ತುಕ್ಕಿಲ್ಲದಿದ್ದರೆ ಪೆಟ್ರೋಲ್ ಮೂಸಿ. ಹಳಸಿದ್ದು ವಾರ್ನಿಶ್‌ನಂತೆ ಹುಳಿ ನಾರುತ್ತದೆ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿರುತ್ತದೆ, ಧೂಳಿಗೆ ಅದು ಮುಚ್ಚಿದರೆ ಪೆಟ್ರೋಲ್ ಇಳಿಯುವುದೇ ಇಲ್ಲ. ಕಾರ್ಬ್ಯುರೇಟರ್ ಗಾಡಿಯಾದರೆ ಅದರ ಬುಡದ ಸ್ಕ್ರೂ ಸಡಿಲಿಸಿ, ಇಳಿದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿ. ನನ್ನ ಬಾಟಲಿಯ ತಳದಲ್ಲಿ ನೀರಿನ ಗುಂಡು ಹನಿಗಳು ಪಾದರಸದಂತೆ ಹೊರಳಾಡುತ್ತಿದ್ದವು, ಮೇಲೆ ಪೆಟ್ರೋಲ್. ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುತ್ತದೆ. ಹಳೆಯದನ್ನು ಪೂರ್ತಿ ಇಳಿಸಿ ಹೊಸದು ಹಾಕಿ, ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ತೆರೆದು ಒಂದು ನಿಮಿಷ ಬಿಡಿ. ಚೋಕ್ ಎಳೆದು, ರೇಸ್ ಕೊಡದೆ ಕಿಕ್ ಹೊಡೆಯಿರಿ.

ಆಗಲೂ ಏಳದಿದ್ದರೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಹಸಿಯಾಗಿದ್ದರೆ ಪೆಟ್ರೋಲ್ ಅತಿಯಾಗಿದೆ, ಒರೆಸಿ ಒಣಗಿಸಿ. ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ, ಕಾರ್ಬ್ಯುರೇಟರಿನ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ನಲ್ಲಿ ಕಸ ಕೂತಿರಬಹುದು. ಕಪ್ಪು ಮಸಿ ಇದ್ದರೆ ಉಜ್ಜಿ ತೆಗೆಯಿರಿ.

ಏರ್ ಫಿಲ್ಟರ್ ಮರೆಯಬೇಡಿ. ನಮ್ಮದು ತೊಗರಿ ನಾಡು. ಮನೆಯಲ್ಲಿ ಚೀಲಗಳಿದ್ದರೆ ಇಲಿಯೂ ಇರುತ್ತದೆ. ನನ್ನ ಫಿಲ್ಟರ್ ಡಬ್ಬಿಯಲ್ಲಿ ಒಂದು ಹಿಡಿ ತೊಗರಿ ಹೊಟ್ಟು, ಚಿಂದಿ ಬಟ್ಟೆ ಸಿಕ್ಕಿತ್ತು. ಸೈಲೆನ್ಸರ್ ಬಾಯಲ್ಲಿ ಕಡಜದ ಹುಳ ಮಣ್ಣಿನ ಗೂಡು ಕಟ್ಟಿದೆಯೇ ಅಂತಲೂ ಬಗ್ಗಿ ನೋಡಿ.

ಎದ್ದ ಕೂಡಲೇ ಸೂಪರ್ ಮಾರ್ಕೆಟ್ ಕಡೆ ಹೊರಟುಬಿಡಬೇಡಿ. ಗಾಳಿ ಇಳಿದಿರುತ್ತದೆ, ಬ್ರೇಕ್ ಹಿಡಿದಿರಬಹುದು. ಓಣಿಯಲ್ಲೇ ಒಂದು ಸುತ್ತು ಹಾಕಿ.